ಕ್ಯಾಮೆರಾದ ಹೆಸರೆತ್ತದೆ ಶಾಟ್ ಬರೆಯುವ ಬಗೆ: ಚಿತ್ರಕಥೆಯಲ್ಲಿ ಶಾಟ್, ಕೋನ ಮತ್ತು ಟ್ರಾನ್ಸಿಷನ್

ಬಾದಾಮಿಯ ಪಕ್ಕದ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತವೆ. ಬಾಗಲಕೋಟೆಯ ಸೀಮೆಯಲ್ಲಿ ಸಿನಿಮಾ ಬರೆಯಬೇಕೆಂದು ಹೊರಟವರಲ್ಲಿ ಅನೇಕರಿಗೆ ಕಥೆ ಕಟ್ಟುವ ಮೊದಲ ಪಾಠ ಸಿಕ್ಕಿರುವುದು ಆ ಟೆಂಟುಗಳಲ್ಲಿ, ಇಲ್ಲವೇ ಊರ ಬಯಲಿನಲ್ಲಿ ಬೆಳಗಿನವರೆಗೆ ನಡೆಯುವ ಶ್ರೀಕೃಷ್ಣ ಪಾರಿಜಾತದಲ್ಲಿ. ಆ ಪಾಠದಿಂದ ಮಾತು ಹೊಸೆಯುವ ಕಸುಬು ಚೆನ್ನಾಗಿಯೇ ಕೈಗೆ ಹತ್ತುತ್ತದೆ. ಅದರ ಬೆನ್ನಿಗೆ ಒಂದು ಅಭ್ಯಾಸವೂ ಅಂಟಿಕೊಳ್ಳುತ್ತದೆ: ನಾಟಕದಲ್ಲಿ ನೋಡುವವನ ಕುರ್ಚಿ ಕದಲುವುದಿಲ್ಲವಾದ್ದರಿಂದ, ಬರೆಯುವವನು ಎಲ್ಲವನ್ನೂ ಆ ಒಂದೇ ಕುರ್ಚಿಯಿಂದ ನೋಡಿದಂತೆ ಬರೆಯತೊಡಗುತ್ತಾನೆ. ಸಿನಿಮಾದಲ್ಲಿ ಆ ಕುರ್ಚಿಯನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಎತ್ತಿ ಬೇರೆಡೆ ಇಡಲಾಗುತ್ತದೆ. ಅದನ್ನು ಎಷ್ಟು ಹತ್ತಿರದಲ್ಲಿ ಇಡಬೇಕೆಂಬುದು ಶಾಟ್, ಎಷ್ಟು ಎತ್ತರದಲ್ಲಿ ಇಡಬೇಕೆಂಬುದು ಕೋನ, ಒಂದು ಜಾಗದಿಂದ ಇನ್ನೊಂದಕ್ಕೆ ಹೇಗೆ ಒಯ್ಯಬೇಕೆಂಬುದು ಟ್ರಾನ್ಸಿಷನ್.

ಈ ಮೂರನ್ನೂ ಕ್ಯಾಮೆರಾದ ಪರಿಭಾಷೆಯನ್ನು ಆದಷ್ಟು ಬಳಸದೆ, ಕನ್ನಡ ವಾಕ್ಯದ ಕಟ್ಟಣೆಯಿಂದಲೇ ಓದುಗನ ಕಣ್ಣಿಗೆ ತರಲು ಸಾಧ್ಯ ಎಂಬುದು ನನ್ನ ಅನುಭವ. ಅದನ್ನು ಹೆಜ್ಜೆ ಹೆಜ್ಜೆಯಾಗಿ, ಒಂದೇ ಒಂದು ದೃಶ್ಯವನ್ನು ತಿದ್ದುತ್ತ ತೋರಿಸುತ್ತೇನೆ.

ಮೊದಲ ಹೆಜ್ಜೆ: ಯಾವ ಪ್ರತಿ ಬರೆಯುತ್ತಿದ್ದೇವೆ ಎಂದು ತೀರ್ಮಾನಿಸುವುದು

ಚಿತ್ರಕಥೆಗೆ ಎರಡು ಅವತಾರಗಳಿವೆ. ಒಂದು, ನಿರ್ಮಾಪಕ, ನಿರ್ದೇಶಕ, ನಟ ಮೊದಲಾದವರು ಓದಿ ಒಪ್ಪಬೇಕಾದ ಓದಿನ ಪ್ರತಿ. ಇನ್ನೊಂದು, ಚಿತ್ರೀಕರಣಕ್ಕೆಂದು ನಿರ್ದೇಶಕರು ಛಾಯಾಗ್ರಾಹಕರೊಡನೆ ಕುಳಿತು ಶಾಟ್ ಡಿವಿಷನ್ ಮಾಡಿ, ಅಂದರೆ ದೃಶ್ಯವನ್ನು ಶಾಟ್‌ಗಳಾಗಿ ಒಡೆದು, ಪ್ರತಿ ಶಾಟ್‌ಗೂ ಸಂಖ್ಯೆ ಕೊಟ್ಟು ತಯಾರಿಸುವ ಶೂಟಿಂಗ್ ಪ್ರತಿ. ಲಾಂಗ್ ಶಾಟ್, ಟ್ರಾಲಿ (ಹಳಿಯ ಮೇಲೆ ಕ್ಯಾಮೆರಾವನ್ನು ಒಯ್ಯುವ ಗಾಡಿ), ಲೋ ಆಂಗಲ್ (ಕೆಳಗಿನಿಂದ ಮೇಲಕ್ಕೆ ನೋಡುವ ಕೋನ) ಎಂಬ ಪದಗಳ ನಿಜವಾದ ಮನೆ ಎರಡನೆಯದು. ಬರಹಗಾರ ಮೊದಲ ಪ್ರತಿಯಲ್ಲಿಯೇ ಅವನ್ನು ತುಂಬಿದರೆ ಓದುಗನು ಕಥೆಯಿಂದ ಹೊರಬಿದ್ದು ಸೆಟ್ಟಿನ ಮೇಲೆ ನಿಂತುಬಿಡುತ್ತಾನೆ, ನಿರ್ದೇಶಕರಿಗೆ ತಮ್ಮ ಕೆಲಸಕ್ಕೆ ಕೈಹಾಕಿದಂತೆ ತೋರುತ್ತದೆ. ಬರೆಯುವವರೇ ನಿರ್ದೇಶಿಸುವುದಾದರೂ ಮೊದಲ ಪ್ರತಿಯನ್ನು ಓದಿನ ಪ್ರತಿಯಾಗಿಯೇ ಬರೆಯುವುದು ಲೇಸು, ಏಕೆಂದರೆ ಶಾಟ್‌ಗಳನ್ನು ಎಣಿಸತೊಡಗಿದ ಕೂಡಲೇ ಪಾತ್ರ ಕೈತಪ್ಪುತ್ತದೆ.

ನಮೂನೆಯ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ದೃಶ್ಯದ ತಲೆಬರಹದಲ್ಲಿ ಒಳಾಂಗಣವೋ ಹೊರಾಂಗಣವೋ, ಸ್ಥಳ ಯಾವುದು, ಹೊತ್ತು ಯಾವುದು ಎಂಬ ಮೂರು ಸಂಗತಿಗಳು ಇರಲೇಬೇಕು. ಕೆಳಗಿನ ವಿವರಣೆ ವರ್ತಮಾನಕಾಲದಲ್ಲಿರಬೇಕು: ‘ಬಂದಳು’ ಎಂದರೆ ಅದು ಕಥೆ, ‘ಬರುತ್ತಾಳೆ’ ಎಂದರೆ ಅದು ಪರದೆ. ಎಡಕ್ಕೆ ದೃಶ್ಯ, ಬಲಕ್ಕೆ ಧ್ವನಿ ಎಂಬ ಎರಡು ಕಾಲಮ್ಮಿನ ಪದ್ಧತಿಯಲ್ಲಿ ಬರೆಯುವವರೂ ಇದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕವನ್ನು ಮಾತ್ರ ಕುರುಡಾಗಿ ನಂಬಬಾರದು. ಅದು ಕೊರಿಯರ್ ಎಂಬ ಇಂಗ್ಲಿಷ್ ಅಕ್ಷರಶೈಲಿಯ 12 ಪಾಯಿಂಟ್ ಗಾತ್ರಕ್ಕೆ ಹುಟ್ಟಿದ ಅಂದಾಜು. ಕನ್ನಡದ ಒತ್ತಕ್ಷರಗಳಿಗೂ ನಮ್ಮ ಉದ್ದುದ್ದ ಪದಗಳಿಗೂ ಅದು ಒಪ್ಪುವುದಿಲ್ಲ.

ಎರಡನೆಯ ಹೆಜ್ಜೆ: ಸ್ಥಳಕ್ಕೆ ಹೋಗಿ ನಿಲ್ಲುವುದು

ನಮ್ಮ ಉದಾಹರಣೆಯ ದೃಶ್ಯ ಹೀಗಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮನೆ ಕಳೆದುಕೊಂಡು ಬಾಗಲಕೋಟೆಯ ನವನಗರಕ್ಕೆ ಬಂದು ನೆಲೆಸಿದ ಗಂಗವ್ವ ಎಂಬ ಮುದುಕಿ, ಬೇಸಿಗೆಯಲ್ಲಿ ನೀರು ಇಳಿದಾಗ ಮೊಮ್ಮಗ ಬಸುವಿನ ಜೊತೆ ತನ್ನ ಹಳೆಯ ಮನೆಯ ಜಾಗವನ್ನು ಹುಡುಕಿಕೊಂಡು ಹೋಗುತ್ತಾಳೆ. ಅವಳಿಗೆ ಮನೆಯ ಹೊಸ್ತಿಲು ಸಿಗುತ್ತದೆ. ಇಷ್ಟೇ.

ಮೇಜಿನ ಮುಂದೆ ಕುಳಿತು ಇದನ್ನು ಬರೆದರೆ ‘ಮುಳುಗಿದ ಊರು, ಸುತ್ತ ನೀರು’ ಎಂದು ಬರೆದುಬಿಡುತ್ತೇವೆ. ಮಳೆಗಾಲದಲ್ಲಿ ಜಲಾಶಯ ತನ್ನ ಪೂರ್ಣ ಮಟ್ಟವಾದ, ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬಿ ನಿಂತಾಗ ಆ ಹೊಸ್ತಿಲು ಕಣ್ಣಿಗೆ ಬೀಳುವುದೇ ಇಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಹೋದರೆ ಕಾಣುವುದು ನೀರಿಗಿಂತ ಹೆಚ್ಚಾಗಿ ಕೆಸರು. ಮೇಲೆ ಹೆಪ್ಪುಗಟ್ಟಿ ಬಿರಿದ, ಒಳಗೆ ಇನ್ನೂ ಹಸಿಯಾಗಿರುವ ಕೆಸರು. ನಡೆಯುವವರ ಹೆಜ್ಜೆ, ಅವರ ವೇಗ, ಚಪ್ಪಲಿ ಕಾಲಲ್ಲಿರಬೇಕೋ ಕೈಯಲ್ಲಿರಬೇಕೋ ಎಂಬುದೆಲ್ಲ ಅದರಿಂದಲೇ ನಿರ್ಧಾರವಾಗುತ್ತದೆ. ಸ್ಥಳದಲ್ಲಿ ನಿಂತು ಮಾಡಬೇಕಾದ ಕೆಲಸ ಒಂದೇ: ಮೊದಲು ಏನು ಕಾಣಿಸಿತು, ಅನಂತರ ಯಾವುದರ ಮೇಲೆ ಕಣ್ಣು ಹೋಯಿತು, ಯಾವುದನ್ನು ನೋಡಲು ಬಗ್ಗಬೇಕಾಯಿತು ಎಂಬುದನ್ನು ಬಂದ ಕ್ರಮದಲ್ಲಿಯೇ ಬರೆದುಕೊಳ್ಳುವುದು. ಆ ಕ್ರಮವೇ ಮುಂದೆ ಶಾಟ್‌ಗಳ ಕ್ರಮವಾಗುತ್ತದೆ.

ಬಾದಾಮಿಯಂಥ ಜಾಗದಲ್ಲಿ ಇದರ ಅಪಾಯವೂ ಇದೆ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತರೆ ಕೆಂಪು ಬಂಡೆ, ಹಸಿರು ನೀರು, ಆಚೆ ತುದಿಯಲ್ಲಿ ಭೂತನಾಥ ಗುಡಿ. ಕಣ್ಣು ಎತ್ತ ಹೋದರೂ ಚಿತ್ರ. ಅಂಥ ಜಾಗವನ್ನು ಕಂಡ ಬರಹಗಾರ ಅರ್ಧ ಪುಟ ವರ್ಣನೆಗೆ ಇಳಿಯುತ್ತಾನೆ. ಆ ಚಂದಕ್ಕೆ ಪಾತ್ರದ ಕಡೆಯಿಂದ ಏನಾದರೂ ಕಾರಣವಿಲ್ಲದಿದ್ದರೆ ಒಂದು ಸಾಲು ಸಾಕು.

ಮೂರನೆಯ ಹೆಜ್ಜೆ: ಕೆಟ್ಟ ಕರಡನ್ನು ಗುರುತಿಸುವುದು

ಹೊಸಬರ ಕರಡು ಸಾಮಾನ್ಯವಾಗಿ ಹೀಗಿರುತ್ತದೆ. ನನ್ನ ಮೊದಲ ಕರಡುಗಳೂ ಹೀಗೆಯೇ ಇದ್ದವು.

ಹೊರಾಂಗಣ – ಹಿನ್ನೀರಿನ ದಂಡೆ – ಹಗಲು
ಡ್ರೋನ್ ಶಾಟ್. ಕ್ಯಾಮೆರಾ ಮೇಲಿನಿಂದ ಇಳಿಯುತ್ತದೆ. ಲಾಂಗ್ ಶಾಟ್‌ನಲ್ಲಿ ಗಂಗವ್ವ ಮತ್ತು ಬಸು. ಟ್ರಾಲಿಯಲ್ಲಿ ಅವರನ್ನು ಹಿಂಬಾಲಿಸುತ್ತೇವೆ. ಕಟ್ ಟು: ಗಂಗವ್ವನ ಕ್ಲೋಸ್ ಅಪ್. ಹಳೆಯ ಮನೆ ನೆನಪಾಗಿ ಅವಳಿಗೆ ದುಃಖವಾಗುತ್ತದೆ. ಕಟ್ ಟು: ಹೊಸ್ತಿಲಿನ ಕ್ಲೋಸ್ ಅಪ್.

ಇದನ್ನು ಪರಿಚಯದ ಛಾಯಾಗ್ರಾಹಕರೊಬ್ಬರಿಗೆ ಓದಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಟ್ರಾಲಿಯ ಹಳಿಯನ್ನು ಕೆಸರಿನ ಮೇಲೆ ಹಾಸಲೇ?’ ಎಂಬುದಾಗಿತ್ತು. ಆದರೆ ಹಳಿಗಿಂತ ದೊಡ್ಡ ತೊಡಕು ಬೇರೆ ಇದೆ. ಇಷ್ಟೆಲ್ಲ ಕ್ಯಾಮೆರಾ ಇದ್ದರೂ ಈ ಸಾಲುಗಳಲ್ಲಿ ನೋಡಲು ಏನೂ ಇಲ್ಲ. ಕೆಸರಿಲ್ಲ, ಕಾಲಿಲ್ಲ, ಕಲ್ಲಿಲ್ಲ. ‘ದುಃಖವಾಗುತ್ತದೆ’ ಎಂಬುದನ್ನಂತೂ ಯಾವ ಲೆನ್ಸಿನಿಂದಲೂ ಹಿಡಿಯಲಾಗದು.

ನಾಲ್ಕನೆಯ ಹೆಜ್ಜೆ: ಕರ್ತೃಪದದಿಂದ ಶಾಟ್‌ನ ಅಳತೆ ಕೊಡುವುದು

ಶಾಟ್‌ನ ಅಳತೆಗಳನ್ನು ಬಲ್ಲವರಿಗೂ ಒಮ್ಮೆ ನೆನಪಿಸುತ್ತೇನೆ. ಮನುಷ್ಯ ಭೂದೃಶ್ಯದಲ್ಲಿ ಚುಕ್ಕೆಯಾಗಿ ಕಾಣುವುದು ಎಕ್ಸ್‌ಟ್ರೀಮ್ ಲಾಂಗ್ ಶಾಟ್. ತಲೆಯಿಂದ ಕಾಲಿನವರೆಗೆ ಇಡಿಯಾಗಿ ಕಾಣುವುದು ಲಾಂಗ್ ಶಾಟ್. ಸೊಂಟದಿಂದ ಮೇಲೆ ಕಾಣುವುದು ಮಿಡ್ ಶಾಟ್. ಮುಖವೇ ಫ್ರೇಮನ್ನು ತುಂಬುವುದು ಕ್ಲೋಸ್ ಅಪ್. ಕಣ್ಣೋ ಬೆರಳೋ ಮಾತ್ರ ಕಾಣುವುದು ಎಕ್ಸ್‌ಟ್ರೀಮ್ ಕ್ಲೋಸ್ ಅಪ್. ಇಬ್ಬರು ಒಟ್ಟಿಗಿದ್ದರೆ ಟೂ ಶಾಟ್. ಒಬ್ಬರ ಹೆಗಲಾಚೆಯಿಂದ ಇನ್ನೊಬ್ಬರನ್ನು ನೋಡಿದರೆ ಓವರ್ ದ ಶೋಲ್ಡರ್.

ಈಗ ಒಂದು ವಾಕ್ಯದ ಕರ್ತೃವನ್ನು ಗಮನಿಸಿ. ‘ಬಯಲು ಬಿರಿದಿದೆ’ ಎಂದಾಗ ಓದುಗನ ಕಣ್ಣು ದೂರದಲ್ಲಿರುತ್ತದೆ. ‘ಗಂಗವ್ವ ನಡೆಯುತ್ತಾಳೆ’ ಎಂದಾಗ ಅವಳು ಪೂರ್ತಿಯಾಗಿ ಕಾಣುತ್ತಾಳೆ, ಏಕೆಂದರೆ ನಡೆಯಲು ಕಾಲು ಬೇಕು. ‘ಗಂಗವ್ವನ ಹಿಮ್ಮಡಿ ಕೆಸರನ್ನು ಒಡೆಯುತ್ತದೆ’ ಎಂದರೆ ಕ್ಲೋಸ್ ಅಪ್ ತಾನಾಗಿ ಬಂತು. ಆ ಪದವನ್ನು ಬರೆಯುವ ಅಗತ್ಯವೇ ಬೀಳಲಿಲ್ಲ. ಕರ್ತೃಪದ ಎಷ್ಟು ದೊಡ್ಡದೋ ಫ್ರೇಮ್ ಅಷ್ಟು ದೊಡ್ಡದು ಎಂಬ ಈ ಒಂದು ಸೂತ್ರ ಕೈವಶವಾದರೆ ಕರಡಿನಲ್ಲಿ ಶಾಟ್‌ಗಳ ಹೆಸರುಗಳನ್ನು ನಿರ್ಭಯವಾಗಿ ಹೊಡೆದುಹಾಕಬಹುದು.

ಅಳತೆಗೆ ಕಾರಣ ಇರಬೇಕು. ಮೊದಲ ಸಾಲಿನಿಂದಲೇ ಮುಖಕ್ಕೆ ಹತ್ತಿರ ಹೋದರೆ ನಿಜವಾಗಿ ಹತ್ತಿರ ಹೋಗಬೇಕಾದ ಗಳಿಗೆಯಲ್ಲಿ ನಮ್ಮ ಬಳಿ ಉಳಿಕೆ ಇರುವುದಿಲ್ಲ. ಗಂಗವ್ವನ ದೃಶ್ಯದಲ್ಲಿ ಆಪ್ತವಾದದ್ದು ಅವಳ ಮುಖವಲ್ಲ, ಬೆರಳು. ಆದ್ದರಿಂದ ಮುಖವನ್ನು ಕೊನೆಯವರೆಗೂ ದೂರದಲ್ಲಿಯೇ ಇಟ್ಟೆ.

ಶಾಟ್‌ಗಳ ಸಾಲಿನಿಂದಲೇ ಅರ್ಥ ಹುಟ್ಟುವ ಬಗೆಯನ್ನು ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಪ್ರಯೋಗ ಮಾಡಿ ತೋರಿಸಿದರು. ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ ನೋಡುವವರು ಅದರಲ್ಲಿ ಹಸಿವನ್ನೂ ದುಃಖವನ್ನೂ ಬೇರೆ ಬೇರೆಯಾಗಿ ಕಂಡರು. ಬರಹಗಾರನಿಗೆ ಇದರಿಂದ ದೊರೆಯುವ ಲಾಭ ನೇರವಾದದ್ದು: ಕಲ್ಲಿನ ಸಾಲನ್ನೂ ಗಂಗವ್ವನ ಸಾಲನ್ನೂ ಸರಿಯಾದ ಕ್ರಮದಲ್ಲಿ ಇಟ್ಟರೆ ‘ದುಃಖವಾಗುತ್ತದೆ’ ಎಂಬ ಸಾಲು ಬೇಡವಾಗುತ್ತದೆ.

ಐದನೆಯ ಹೆಜ್ಜೆ: ಕ್ರಿಯಾಪದದಿಂದ ಕಟ್ ಮಾಡುವುದು

ಕನ್ನಡ ವಾಕ್ಯಕ್ಕೆ ಚಿತ್ರಕಥೆಯಲ್ಲಿ ಇರುವ ದೊಡ್ಡ ಅನುಕೂಲ ಅಪೂರ್ಣ ಕ್ರಿಯೆಗಳ ಸರಪಳಿ. ‘ಬಸು ಬೈಕ್ ನಿಲ್ಲಿಸಿ, ಇಳಿದು, ಹೆಲ್ಮೆಟ್ ತೆಗೆದು, ದಂಡೆಯತ್ತ ನೋಡುತ್ತಾನೆ’ ಎಂಬ ವಾಕ್ಯದಲ್ಲಿ ಪೂರ್ಣಕ್ರಿಯಾಪದ ಒಂದೇ ಇದೆ. ಅದು ಬರುವವರೆಗೆ ಓದುಗ ಉಸಿರು ಬಿಡುವುದಿಲ್ಲ, ಕಣ್ಣೂ ಅವನ ಮೇಲಿಂದ ಸರಿಯುವುದಿಲ್ಲ. ಇದು ಒಂದೇ ಟೇಕಿನ ಶಾಟ್. ಅದನ್ನೇ ಹೀಗೆ ಒಡೆದು ನೋಡಿ: ‘ಬೈಕ್ ನಿಲ್ಲುತ್ತದೆ. ಹೆಲ್ಮೆಟ್ ಟ್ಯಾಂಕಿನ ಮೇಲೆ ಕೂರುತ್ತದೆ. ಬಸು ದಂಡೆಯತ್ತ ನೋಡುತ್ತಾನೆ.’ ಮೂರು ಕರ್ತೃ, ಮೂರು ಪೂರ್ಣಕ್ರಿಯೆ, ಮೂರು ಶಾಟ್. ನಡುವೆ ‘ಕಟ್ ಟು’ ಎಂದು ಬರೆದಿಲ್ಲ, ಪೂರ್ಣವಿರಾಮವೇ ಕತ್ತರಿಯಾಗಿದೆ.

ಹೀಗಾಗಿ ಕಾತರ, ಕಾಯುವಿಕೆ, ಮೈಮರೆವು ಬೇಕಾದಲ್ಲಿ ‘ಇಳಿದು, ಬಗ್ಗಿ, ಸವರಿ, ನೋಡಿ’ ಎಂದು ಸರಪಳಿ ಬೆಳೆಸಬೇಕು. ಗಲಿಬಿಲಿ, ಜಗಳ, ಅಪಘಾತ ಇರುವಲ್ಲಿ ಸಣ್ಣ ಸಣ್ಣ ಪೂರ್ಣವಾಕ್ಯಗಳಿಗೆ ಇಳಿಯಬೇಕು. ಪ್ಯಾರಾ ಒಡೆದರೆ ಕಟ್ ಇನ್ನೂ ಗಟ್ಟಿಯಾಗುತ್ತದೆ. ಒಂದು ಪ್ಯಾರಾಕ್ಕೆ ಒಂದು ಶಾಟ್ ಎಂದು ಇಟ್ಟುಕೊಂಡು ಬರೆಯುವವರೂ ಉಂಟು. ನನಗೆ ಅದು ಸ್ವಲ್ಪ ಯಾಂತ್ರಿಕವೆನಿಸುತ್ತದೆ, ಆದರೆ ಮೊದಲ ಎರಡು ಮೂರು ಚಿತ್ರಕಥೆಗಳಿಗೆ ಒಳ್ಳೆಯ ಕಟ್ಟುಪಾಡು.

ಇನ್ನೊಂದು ಅನುಕೂಲವಿದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು ಹೆಸರು ಕೊನೆಗೆ ಬರುತ್ತದೆ. ‘ಬರಿಗಾಲಿಗೆ ಕೆಸರು ಮೆತ್ತಿದ, ನಿರಿಗೆ ಸೊಂಟಕ್ಕೆ ಸಿಕ್ಕಿಸಿದ, ಕಂಕುಳಲ್ಲಿ ಚಪ್ಪಲಿ ಅವುಚಿಕೊಂಡ ಮುದುಕಿ’ ಎಂದು ಬರೆದರೆ ಕಣ್ಣು ಕಾಲಿನಿಂದ ಮೇಲೇರಿ ಕೊನೆಗೆ ಆಳನ್ನು ಕಾಣುತ್ತದೆ. ಇದು ಟಿಲ್ಟ್ ಅಪ್. ‘ಮುದುಕಿ. ಕಂಕುಳಲ್ಲಿ ಚಪ್ಪಲಿ. ಕಾಲು ಕೆಸರು’ ಎಂದರೆ ಟಿಲ್ಟ್ ಡೌನ್. ಯಾವುದನ್ನು ಮುಚ್ಚಿಟ್ಟು ಕೊನೆಗೆ ಬಿಚ್ಚಬೇಕೋ ಅದನ್ನು ವಾಕ್ಯದ ತುದಿಗೆ ತಳ್ಳುವ ಈ ಸೌಲಭ್ಯ ನಮ್ಮ ವ್ಯಾಕರಣದಲ್ಲಿ ಪುಕ್ಕಟೆಯಾಗಿ ಸಿಕ್ಕಿದೆ.

ಈಗ ತಿದ್ದಿದ ಕರಡು:

ಹೊರಾಂಗಣ – ಹಿನ್ನೀರು ಇಳಿದ ಊರು – ಬೇಸಿಗೆಯ ಬೆಳಗು

ಬಿರಿದ ಕೆಸರಿನ ಬಯಲು. ದೂರದಲ್ಲಿ ನೀರು ಒಂದು ಬಿಳಿ ಗೆರೆ. ಬಯಲಿನ ನಡುವೆ ಎರಡು ಚುಕ್ಕೆಗಳು; ಒಂದು ಮುಂದೆ, ಒಂದು ತುಸು ಹಿಂದೆ.

ಕಂಕುಳಲ್ಲಿ ಚಪ್ಪಲಿ ಅವುಚಿಕೊಂಡು, ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಹೆಜ್ಜೆ ಊರುತ್ತ ಗಂಗವ್ವ ನಡೆಯುತ್ತಾಳೆ.

ಅವಳ ಹಿಮ್ಮಡಿ ಕೆಸರಿನ ಹೆಪ್ಪನ್ನು ಒಡೆಯುತ್ತದೆ. ಒಳಗೆ ಇನ್ನೂ ಹಸಿ.

ಹಿಮ್ಮಡಿ ನಿಲ್ಲುತ್ತದೆ.

ಕೆಸರಿನಲ್ಲಿ ಒಂದು ಕಲ್ಲಿನ ಅಂಚು. ಉದ್ದಕ್ಕೆ, ನೆಟ್ಟಗೆ, ಮನುಷ್ಯರು ಕಡೆದದ್ದು.

ಗಂಗವ್ವ ಕುಕ್ಕರಗಾಲಲ್ಲಿ ಕೂತು, ಇಳಕಲ್ ಸೀರೆಯ ಸೆರಗಿನಿಂದ ಕಲ್ಲನ್ನು ಒರೆಸಿ, ಅಂಚಿನುದ್ದಕ್ಕೂ ಕೈಯಾಡಿಸುತ್ತಾಳೆ. ಅವಳ ಬೆರಳು ಕದದ ಗೂಟ ತಿರುಗುತ್ತಿದ್ದ ಕುಳಿಯೊಳಗೆ ಇಳಿಯುತ್ತದೆ.

ಬಸು ಆಚೆ ಬಯಲಿನಲ್ಲಿ ಮೊಬೈಲ್ ಎತ್ತಿ ಫೋಟೊ ತೆಗೆಯುತ್ತಿದ್ದಾನೆ.

ಗಂಗವ್ವ: ಬಸ್ಯಾ, ಅಲ್ಲಿ ನಿಂದರಬ್ಯಾಡೊ. ಅದು ದೇವರ ಮನಿ.

ಬಸು ಕಾಲ ಕೆಳಗೆ ನೋಡುತ್ತಾನೆ. ಬರೀ ಕೆಸರು.

ಇದರಲ್ಲಿ ಕ್ಯಾಮೆರಾ ಎಂಬ ಪದ ಒಮ್ಮೆಯೂ ಬಂದಿಲ್ಲ. ಆದರೂ ಇದನ್ನು ಐದು ಜನರ ಕೈಗೆ ಕೊಟ್ಟು ಶಾಟ್ ಡಿವಿಷನ್ ಮಾಡಿಸಿದರೆ ಐದೂ ಬಹುಪಾಲು ಹೋಲುತ್ತವೆ. ವಿವರಣೆ ಗ್ರಾಂಥಿಕ ಕನ್ನಡದಲ್ಲಿದ್ದು ಮಾತು ಮಾತ್ರ ಊರಿನದಾಗಿರುವುದನ್ನೂ ಗಮನಿಸಬೇಕು. ಎರಡನ್ನೂ ಆಡುಮಾತಿನಲ್ಲಿಯೇ ಬರೆದರೆ ಯಾವುದು ಕಾಣುವುದು, ಯಾವುದು ಕೇಳುವುದು ಎಂಬ ಗೆರೆ ಅಳಿಸಿಹೋಗುತ್ತದೆ.

ಆರನೆಯ ಹೆಜ್ಜೆ: ಕೋನವನ್ನು ಸ್ಥಳದಿಂದ ಎತ್ತಿಕೊಳ್ಳುವುದು

ಲೋ ಆಂಗಲ್‌ನಿಂದ ನೋಡಿದರೆ ಮನುಷ್ಯ ಬಲಶಾಲಿ, ಹೈ ಆಂಗಲ್‌ನಿಂದ ನೋಡಿದರೆ ದುರ್ಬಲ ಎಂಬ ಪಾಠವನ್ನು ಎಲ್ಲರೂ ಕಲಿತಿರುತ್ತಾರೆ. ಅದು ಸುಳ್ಳಲ್ಲ, ಆದರೆ ಗೌಡನ ಪ್ರವೇಶಕ್ಕೆಲ್ಲ ಬೂಟುಗಾಲಿನಿಂದ ಲೋ ಆಂಗಲ್ ಎಂದು ಬರೆದು ಬರೆದು ಆ ಪಾಠ ಸವೆದುಹೋಗಿದೆ. ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಎತ್ತರದ ವ್ಯತ್ಯಾಸವನ್ನು ಕಥೆಯ ನೆಲದಲ್ಲಿಯೇ ಇಡುವುದು. ನಮ್ಮ ಊರುಗಳ ಹಳೆಯ ಮನೆಗಳ ಮುಂದೆ ಕಟ್ಟೆ ಇದೆ. ಸಾಲ ಕೊಟ್ಟವನು ಕಟ್ಟೆಯ ಮೇಲೆ ಕುಳಿತು ಎಲೆ–ಅಡಿಕೆ ಮಡಚುತ್ತಿದ್ದರೆ, ಸಾಲ ಪಡೆದವನು ಕೆಳಗೆ ಬೀದಿಯಲ್ಲಿ ನಿಂತಿದ್ದರೆ, ಛಾಯಾಗ್ರಾಹಕ ಇಬ್ಬರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟರೂ ಒಂದು ಕೋನ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಆಗಿಯೇ ತೀರುತ್ತದೆ. ಮಾತಿನ ನಡುವೆ ಸಾಲಗಾರ ಕಟ್ಟೆಯ ಮೆಟ್ಟಿಲೊಂದನ್ನು ಏರಿದರೆ ದೃಶ್ಯದ ಸಮತೋಲ ಬದಲಾಗುತ್ತದೆ. ಅದನ್ನು ‘ಆಂಗಲ್ ಬದಲಾಗುತ್ತದೆ’ ಎಂದು ಬರೆಯುವ ಬದಲು ‘ಒಂದು ಮೆಟ್ಟಿಲು ಏರುತ್ತಾನೆ’ ಎಂದು ಬರೆಯಬೇಕು.

ಟಾಪ್ ಆಂಗಲ್‌ಗೂ ಇದೇ ಮಾತು ಅನ್ವಯಿಸುತ್ತದೆ. ವಿಜಯಪುರದ ಉಪ್ಪಲಿ ಬುರುಜು ಸುಮಾರು 80 ಅಡಿ ಎತ್ತರವಿದ್ದು, ಹೊರಮೈಯಲ್ಲಿಯೇ ಮೆಟ್ಟಿಲುಗಳನ್ನು ಸುತ್ತಿಕೊಂಡಿದೆ. ಮನೆ ಬಿಟ್ಟು ಓಡಿಬಂದ ಹುಡುಗ ಅದನ್ನು ಹತ್ತಿ, ಕೆಳಗಿನ ಬೀದಿಯಲ್ಲಿ ತನ್ನನ್ನು ಹುಡುಕುತ್ತಿರುವ ತಂದೆಯನ್ನು ನೋಡಿದರೆ ಆ ಟಾಪ್ ಆಂಗಲ್‌ಗೆ ಒಬ್ಬ ಒಡೆಯ ಸಿಕ್ಕಂತಾಯಿತು. ಯಾರೂ ನೋಡುತ್ತಿಲ್ಲದ ಎತ್ತರದಿಂದ ತೆಗೆದ ಡ್ರೋನ್ ಶಾಟ್ ಅನೇಕ ಬಾರಿ ಪ್ರವಾಸದ ಜಾಹೀರಾತಿನಂತೆ ಕಾಣುತ್ತದೆ. ಅಂದಹಾಗೆ, ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಒಂದು ಸಾಲಿಗಾಗಿ ಇಡೀ ದೃಶ್ಯವನ್ನು ಅಲ್ಲಿಗೆ ಒಯ್ಯುವ ಮುನ್ನ ಅದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಫ್ರೇಮನ್ನೇ ವಾಲಿಸುವ ಡಚ್ ಆಂಗಲ್ ಅನ್ನು ಬರಹದಲ್ಲಿ ಸೂಚಿಸುವ ಅಗತ್ಯ ನನಗೆ ಇದುವರೆಗೆ ಬಂದಿಲ್ಲ. 180 ಡಿಗ್ರಿ ನಿಯಮ, ಅಂದರೆ ಮಾತನಾಡುವ ಇಬ್ಬರ ನಡುವಿನ ಕಲ್ಪಿತ ರೇಖೆಯನ್ನು ಕ್ಯಾಮೆರಾ ದಾಟಬಾರದೆಂಬ ಕಟ್ಟಳೆಯೂ ನಿರ್ದೇಶಕರ ಪಾಲಿನದು. ಬರಹಗಾರ ಮಾಡಬೇಕಾದದ್ದು, ಯಾರು ಬಾಗಿಲ ಕಡೆ ಕೂತಿದ್ದಾರೆ, ಯಾರು ಒಲೆಯ ಕಡೆ ಕೂತಿದ್ದಾರೆ ಎಂದು ಮೊದಲೇ ಹೇಳಿಬಿಡುವುದು.

ಏಳನೆಯ ಹೆಜ್ಜೆ: ಪರಿಭಾಷೆ ಬೇಕೇ ಬೇಕಾದ ಕಡೆ ಬಳಸುವುದು

ಕ್ಯಾಮೆರಾ ಪದಗಳನ್ನು ಪೂರ್ತಿ ಬಹಿಷ್ಕರಿಸಬೇಕಾಗಿಲ್ಲ. ಅರ್ಥವೇ ಅದರ ಮೇಲೆ ನಿಂತಿರುವಾಗ ಬರೆಯಲೇಬೇಕು. ಪಾತ್ರದ ಕಣ್ಣಿನಿಂದ ನೋಡಿದಾಗ ಮಾತ್ರ ತಿಳಿಯುವ ಸಂಗತಿಯಿದ್ದರೆ ‘ಬಸುವಿನ ಪಾಯಿಂಟ್ ಆಫ್ ವ್ಯೂ’ ಎಂದು ಸ್ಪಷ್ಟವಾಗಿ ಬರೆದು, ಅದು ಮುಗಿದಾಗ ‘ದೃಶ್ಯಕ್ಕೆ ಮರಳಿ’ ಎಂದೂ ಬರೆಯಬೇಕು. ಪತ್ರ, ಮೊಬೈಲ್ ಪರದೆ, ಪರಿಹಾರದ ನೋಟಿಸು ಮೊದಲಾದವನ್ನು ಪ್ರೇಕ್ಷಕ ಓದಲೇಬೇಕಿದ್ದರೆ ‘ಇನ್ಸರ್ಟ್’ ಎಂದು ಹಾಕಿ, ಓದಬೇಕಾದ ಅಕ್ಷರಗಳನ್ನು ಇದ್ದಂತೆಯೇ ಕೊಡಬೇಕು. ಪ್ಯಾನ್ (ಕ್ಯಾಮೆರಾ ನಿಂತಲ್ಲೇ ಪಕ್ಕಕ್ಕೆ ತಿರುಗುವುದು), ಜೂಮ್, ಟ್ರಾಲಿಗಳ ಬಗ್ಗೆ ಒಂದೇ ಪ್ರಶ್ನೆ: ಚಲನೆ ಇಲ್ಲದಿದ್ದರೆ ಕಥೆಯ ಯಾವುದಾದರೂ ಮಾಹಿತಿ ಕಳೆದುಹೋಗುತ್ತದೆಯೇ? ಇಲ್ಲವೆಂದರೆ ಬೇಡ.

ಎಂಟನೆಯ ಹೆಜ್ಜೆ: ಟ್ರಾನ್ಸಿಷನ್‌ಗಳನ್ನು ಆರಿಸುವುದು

ಹೊಸ ತಲೆಬರಹ ಬಂದರೆ ಅಲ್ಲಿ ಕಟ್ ಇದೆಯೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಪ್ರತಿ ದೃಶ್ಯದ ಕೊನೆಗೆ ‘ಕಟ್ ಟು’ ಎಂದು ಬರೆಯುವುದು ಕಾಗದದ ದಂಡ. ಕತ್ತಲಿನಿಂದ ಚಿತ್ರ ಮೂಡುವ ‘ಫೇಡ್ ಇನ್’, ಚಿತ್ರ ಕತ್ತಲಿಗೆ ಸರಿಯುವ ‘ಫೇಡ್ ಔಟ್’ಗಳನ್ನು ಚಿತ್ರದ ಮೊದಲಿಗೂ ಕೊನೆಗೂ ಮೀಸಲಿಟ್ಟರೆ ಸಾಕು. ಒಂದು ಚಿತ್ರ ಇನ್ನೊಂದರೊಳಗೆ ಕರಗುವ ಡಿಸಾಲ್ವ್ ಒಂದು ಕಾಲದಲ್ಲಿ ಕಾಲ ಸರಿದದ್ದಕ್ಕೂ ಫ್ಲ್ಯಾಶ್‌ಬ್ಯಾಕಿಗೂ ಸಿದ್ಧ ಗುರುತಾಗಿತ್ತು. ಇಂದಿನ ಪ್ರೇಕ್ಷಕ ನೇರ ಕಟ್‌ನಲ್ಲಿಯೇ ಹತ್ತು ವರ್ಷ ದಾಟಬಲ್ಲ. ಒಂದು ಚಿತ್ರ ಇನ್ನೊಂದನ್ನು ಒರೆಸಿಕೊಂಡು ಬರುವ ವೈಪ್‌ನ ಹಂಗು ನಮಗೆ ಬೇಡ.

ಬರಹಗಾರನ ಕೈಚಳಕ ನಿಜವಾಗಿ ತೋರುವುದು ಎರಡು ಕಡೆ. ಮೊದಲನೆಯದು ಮ್ಯಾಚ್ ಕಟ್. ಒಂದು ದೃಶ್ಯದ ಕೊನೆಯ ಆಕಾರ, ಚಲನೆ ಅಥವಾ ವಸ್ತುವಿಗೆ ಮುಂದಿನ ದೃಶ್ಯದ ಮೊದಲ ಚಿತ್ರ ಜೋಡಿಯಾಗುವುದು ಅದು. ಗಂಗವ್ವನ ಬೆರಳು ಕಲ್ಲಿನ ಕುಳಿಯೊಳಗೆ ಇಳಿದ ಸಾಲನ್ನು ದೃಶ್ಯದ ಕೊನೆಗೆ ಸರಿಸಿ, ಮುಂದಿನದನ್ನು ಹೀಗೆ ತೆರೆಯಬಹುದು:

ಮ್ಯಾಚ್ ಕಟ್:

ಹೊರಾಂಗಣ – ನವನಗರದ ಮನೆ – ಮರುದಿನ ಬೆಳಗ್ಗೆ

ಅದೇ ಬೆರಳು ಅರಿಸಿನದ ಬಟ್ಟಲಿಗೆ ಇಳಿಯುತ್ತದೆ. ಗಂಗವ್ವ ನುಣುಪು ಟೈಲ್ಸಿನ ಹೊಸ್ತಿಲಿಗೆ ಅರಿಸಿನ ಬಳಿಯುತ್ತಾಳೆ. ಅರಿಸಿನ ಹಿಡಿಯದೆ ಜಾರುತ್ತದೆ.

ಕೇವಲ ಆಕಾರ ಹೋಲುತ್ತದೆಂದು ಚಂದ್ರನಿಂದ ರೊಟ್ಟಿಗೆ ಕಟ್ ಮಾಡಿದರೆ ಅದು ಜಾಣತನ ಮಾತ್ರ. ಇಲ್ಲಿ ಎರಡು ಹೊಸ್ತಿಲುಗಳ ನಡುವೆ ಒಂದು ಬದುಕಿನ ವ್ಯತ್ಯಾಸವಿರುವುದರಿಂದ ಆ ಟ್ರಾನ್ಸಿಷನ್‌ನ ಹೆಸರನ್ನು ಪ್ರತಿಯಲ್ಲಿ ಬರೆಯಲು ಹಿಂಜರಿಯಬೇಕಾಗಿಲ್ಲ.

ಎರಡನೆಯದು ಶಬ್ದದ ಸೇತುವೆ. ಮುಂದಿನ ದೃಶ್ಯದ ಶಬ್ದ ಈಗಿನ ಚಿತ್ರದ ಮೇಲೆಯೇ ಕೇಳತೊಡಗಿದರೆ ಅದು ಜೆ ಕಟ್. ಈಗಿನ ಶಬ್ದ ಮುಂದಿನ ಚಿತ್ರದ ಮೇಲೂ ಮುಂದುವರಿದರೆ ಎಲ್ ಕಟ್. ಈ ಹೆಸರುಗಳನ್ನು ಬರೆಯದೆ ಶಬ್ದವನ್ನೇ ಬರೆಯಬೇಕು. ಮ್ಯಾಚ್ ಕಟ್ ಬೇಡವೆಂದರೆ, ಬಸು ಕಾಲ ಕೆಳಗಿನ ಬರೀ ಕೆಸರನ್ನು ನೋಡುತ್ತಿರುವಾಗ ‘ಸಣ್ಣ ಪೂಜಾಗಂಟೆಯೊಂದು ಕೇಳುತ್ತದೆ’ ಎಂದು ಬರೆದು, ನವನಗರದ ಮನೆಯಲ್ಲಿ ಟಿವಿ ಕಪಾಟಿನ ಒಂದು ಖಾನೆಯೇ ದೇವರ ಮನೆಯಾಗಿರುವುದನ್ನು ತೋರಿಸಬಹುದು. ಇವೆರಡರಲ್ಲಿ ಯಾವುದು ಮೇಲೆಂದು ನಾನು ಬಹಳ ದಿನ ತೂಗಿದೆ. ಹೊಸ್ತಿಲಿನದು ಕಣ್ಣಿಗೆ ಹಿಡಿಸುತ್ತದೆ. ಗಂಟೆಯದು ಆಗಷ್ಟೇ ಆಡಿದ ಮಾತಿಗೆ ಉತ್ತರವಾಗಿ ಬರುತ್ತದೆ. ಎರಡನ್ನೂ ಇಟ್ಟರೆ ಎರಡೂ ಕೆಡುತ್ತವೆ. ಕೊನೆಗೆ ಗಂಟೆಯನ್ನು ಉಳಿಸಿಕೊಂಡೆ.

ಚಿತ್ರದ ದೂರವೂ ಶಬ್ದದ ದೂರವೂ ಒಂದೇ ಆಗಿರಬೇಕಿಲ್ಲ ಎಂಬುದಕ್ಕೆ ವಿಜಯಪುರದ ಗೋಳಗುಮ್ಮಟಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಆ ಗೋರಿಕಟ್ಟಡದಲ್ಲಿ, ಗುಮ್ಮಟದ ಬುಡದ ಒಳಸುತ್ತಿನಲ್ಲಿ ಪಿಸುಮಾತಿನ ಗ್ಯಾಲರಿಯಿದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಗುಮ್ಮಟದ ಬಾಗಿದ ಮೈಯನ್ನು ಹಿಡಿದು ಸಾಗಿ, ಸುಮಾರು 38 ಮೀಟರ್ ಅಡ್ಡಳತೆಯ ಆಚೆ ಬದಿಗೆ ಕೇಳಿಸುತ್ತದೆ. ಮಾತು ಬಿಟ್ಟ ಗಂಡ–ಹೆಂಡತಿ ಎದುರು ಬದುರು ನಿಂತಿದ್ದಾರೆಂದು ಇಟ್ಟುಕೊಳ್ಳಿ. ಚಿತ್ರದಲ್ಲಿ ಅವರು ಎರಡು ಕಡ್ಡಿಗಳಷ್ಟು ಸಣ್ಣಗೆ ಕಾಣುತ್ತಿದ್ದಾರೆ, ಅವಳು ಗೋಡೆಯತ್ತ ತಿರುಗಿ ಆಡಿದ ಮಾತು ಮಾತ್ರ ಅವನ ಕಿವಿಯಲ್ಲೇ ಆಡಿದಂತಿದೆ. ಎಕ್ಸ್‌ಟ್ರೀಮ್ ಲಾಂಗ್ ಶಾಟ್‌ನ ಮೇಲೆ ಕ್ಲೋಸ್ ಅಪ್‌ನ ಶಬ್ದ. ಇದನ್ನು ‘ಅವಳ ತುಟಿ ಕಾಣುವುದಿಲ್ಲ. ಉಸಿರು ಸಹಿತ ಕೇಳುತ್ತದೆ’ ಎಂಬ ಎರಡು ವಾಕ್ಯಗಳಲ್ಲಿ ಮುಗಿಸಬಹುದು.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ‘ಇನ್ನು ಮೇಲೆ ಆ ಊರ ಕಡೆ ತಲೆ ಹಾಕುವುದಿಲ್ಲ’ ಎಂದವನನ್ನು ಮರುಕ್ಷಣವೇ ಆ ಊರಿನ ಬಸ್ಸಿನಲ್ಲಿ ತೋರಿಸುವಂಥ ಎದುರೇಟಿನ ಸ್ಮ್ಯಾಶ್ ಕಟ್ ಹಾಸ್ಯಕ್ಕೂ ಆಘಾತಕ್ಕೂ ಒದಗುತ್ತದೆ. ಚಿತ್ರಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಫೋನಿನ ಮಾತುಕತೆಗೆ ಎರಡೂ ಸ್ಥಳಗಳ ತಲೆಬರಹ ಕೊಟ್ಟು, ಚಿತ್ರ ಎರಡರ ನಡುವೆ ಹೋಗಿಬರುತ್ತದೆ ಎಂಬ ಗುರುತಾಗಿ ‘ಇಂಟರ್‌ಕಟ್’ ಎಂದು ಒಮ್ಮೆ ಬರೆದರೆ ಸಾಕು. ಸಣ್ಣ ಸಣ್ಣ ಚಿತ್ರಗಳ ಸರಣಿಯಾದ ಮಾಂಟಾಜ್ ಬರೆಯುವಾಗ ‘ಕಬ್ಬಿನ ಹಂಗಾಮಿನ ದೃಶ್ಯಗಳು’ ಎಂದು ಕೈತೊಳೆದುಕೊಳ್ಳದೆ, ಗಾಣಕ್ಕೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರು, ಚಕ್ರದ ಕೆಳಗೆ ಮಲಗಿದ ಚಾಲಕ, ತೂಕದ ಚೀಟಿ ಎಂದು ಒಂದೊಂದೇ ಚಿತ್ರವನ್ನು ಹೆಸರಿಸಬೇಕು. ನಮ್ಮ ಚಿತ್ರಗಳ ‘ಮಧ್ಯಂತರ’ವೂ ಒಂದು ಟ್ರಾನ್ಸಿಷನ್ನೇ. ಅಲ್ಲಿ ಕತ್ತರಿ ಹದಿನೈದು ನಿಮಿಷ ತೆರೆದೇ ಇರುತ್ತದೆ, ಪ್ರೇಕ್ಷಕ ಚಹಾ ಕುಡಿದು ಬರುತ್ತಾನೆ. ಆದ್ದರಿಂದ ಅದರ ಹಿಂದಿನ ಕೊನೆಯ ಚಿತ್ರ ಪ್ರಶ್ನೆಯಾಗಿರಬೇಕು, ಮುಂದಿನ ಮೊದಲ ಚಿತ್ರ ಅದಕ್ಕೆ ಕೂಡಲೇ ಉತ್ತರ ಕೊಡಬಾರದು.

ಒಂಬತ್ತನೆಯ ಹೆಜ್ಜೆ: ಓದಿಸಿ ಅಳೆಯುವುದು

ಕರಡು ಮುಗಿದ ಮೇಲೆ ಗಡಿಯಾರ ಹಿಡಿದು, ವಿವರಣೆಯನ್ನೂ ಮಾತನ್ನೂ ಗಟ್ಟಿಯಾಗಿ, ಪಾತ್ರಗಳು ನಡೆಯುವ ವೇಗದಲ್ಲಿ ಓದಬೇಕು. ನಡೆಯುವಷ್ಟು ಹೊತ್ತು ಸುಮ್ಮನಿರಬೇಕು. ಗಂಗವ್ವನ ದೃಶ್ಯ ಕಾಗದದ ಮೇಲೆ ಅರ್ಧ ಪುಟ. ಹಾಗೆ ಓದಿದಾಗ ಎರಡು ನಿಮಿಷಕ್ಕೂ ಹೆಚ್ಚಾಯಿತು. ಬೇರೊಬ್ಬರಿಂದ ಓದಿಸಿದರೆ ಇನ್ನೂ ಒಳ್ಳೆಯದು. ಓದುವವರು ಯಾವ ವಾಕ್ಯಕ್ಕೆ ತಡವರಿಸುತ್ತಾರೋ ಅಲ್ಲಿ ಸಾಮಾನ್ಯವಾಗಿ ಎರಡು ಶಾಟ್‌ಗಳು ಒಂದೇ ಕ್ರಿಯಾಪದಕ್ಕೆ ಜೋತುಬಿದ್ದಿರುತ್ತವೆ.

ಅದಾದ ಮೇಲೆ ಒನ್ ಲೈನ್ ಆರ್ಡರ್ ಮಾಡಿ, ಅಂದರೆ ದೃಶ್ಯಗಳನ್ನು ಒಂದೊಂದು ಸಾಲಿನಲ್ಲಿ ಕ್ರಮವಾಗಿ ಪಟ್ಟಿ ಮಾಡಿ, ನಿರ್ದೇಶಕ ಮತ್ತು ಛಾಯಾಗ್ರಾಹಕರೊಡನೆ ಶಾಟ್ ಡಿವಿಷನ್‌ಗೆ ಕೂರಬೇಕು. ಲಾಂಗ್ ಶಾಟ್, ಟ್ರಾಲಿ ಎಲ್ಲವೂ ತಮ್ಮ ತಮ್ಮ ಹೆಸರು ಹಿಡಿದು ಬರುವುದು ಈಗ. ಬರಹಗಾರ ಇಲ್ಲಿ ವಾದಿಸುವುದಕ್ಕಿಂತ ತನ್ನ ಪದಗಳಿಂದ ಏನು ಕಂಡಿತೆಂದು ಕೇಳಿಸಿಕೊಳ್ಳುವುದು ಮೇಲು. ಟ್ರಾಲಿಯ ಹಳಿಯನ್ನು ಕುರಿತು ಕೇಳಿದ ಅದೇ ಛಾಯಾಗ್ರಾಹಕರು ಹೊಸ ಕರಡಿನ ಎರಡನೆಯ ವಾಕ್ಯಕ್ಕೇ ಬೆರಳಿಟ್ಟು ನಿಲ್ಲಿಸಿದರು. ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ದೂರದ ನೀರು ಅಗಲವಾದ ಪಟ್ಟಿಯಾಗಿ ಕಾಣುತ್ತದೆ, ಅದು ‘ಗೆರೆ’ಯಾಗಬೇಕಾದರೆ ಕ್ಯಾಮೆರಾ ನೆಲಕ್ಕೆ ಇಳಿಯಬೇಕು ಎಂದು ಹೇಳಿ, ತಮ್ಮ ಪ್ರತಿಯ ಅಂಚಿನಲ್ಲಿ ಟ್ರೈಪಾಡಿನ ಗಿಡ್ಡ ಕಾಲುಗಳನ್ನು ತರಬೇಕೆಂದು ಗುರುತು ಹಾಕಿಕೊಂಡರು.